ಎರಡನೇ ನಂಬರಿಗೆ ಯಾರು ಹೋಗಬೇಕು

ಲಕ್ಷ್ಮೇಶ್ವರದ ಫೋಟೋಗ್ರಾಫರ್ ಹೇಮಪ್ಪನ ಸ್ಟುಡಿಯೋಗೆ ಆ ವರ್ಷ ಯುಗಾದಿ ಮುಗಿದ ವಾರ ಒಂದು ಹೊಸ ಸಾಮಾನು ಬಂತು. ಅದು ಬಂದ ಮೇಲೆ ಹೇಮಪ್ಪ ಮಾತಿಗೆ ಸಿಗುವುದೇ ಕಷ್ಟವಾಯಿತು. ನೋಡಲು ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು, ಅಷ್ಟೆ. ಕ್ಯಾಮೆರಾದ ನೆತ್ತಿಯ ಮೇಲೆ ಅದನ್ನು ಕೂರಿಸಿ ಅದರ ಗಾಲಿ ತಿರುವಿದರೆ, ಇಪ್ಪತ್ತು ಹೆಜ್ಜೆ ಆಚೆ ಸ್ಟ್ಯಾಂಡಿನ ಮೇಲೆ ನಿಂತ ಫ್ಲ್ಯಾಶು ತನ್ನ ಬೆಳಕನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿತ್ತು. ನಡುವೆ ವೈರಿಲ್ಲ, ಏನಿಲ್ಲ. ಅದಕ್ಕೆ ಟ್ರಿಗರ್ ಎಂದು ಹೆಸರು.

ಅದಕ್ಕೂ ಮೊದಲಿನ ಅವನ ಪಾಡು ಹೇಳತೀರದು. ಮದುವೆಯಲ್ಲಿ ಒಂದು ಫೋಟೋ ಹೊಡೆದು, ಬೆಳಕು ಜಾಸ್ತಿಯಾಯಿತೆಂದು ಗೊತ್ತಾದರೆ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ಮಂದಿಯೊಳಗೆ ನುಗ್ಗಿ, ಸ್ಟೂಲು ಹತ್ತಿ, ಫ್ಲ್ಯಾಶಿನ ಬೆನ್ನಿನ ಗುಂಡಿ ಒತ್ತಿ ಬರಬೇಕಿತ್ತು. ಬರುವಷ್ಟರಲ್ಲಿ ಫೋಟೋಕ್ಕೆ ನಿಂತವರು ಊಟದ ಪಂಕ್ತಿಯಲ್ಲಿ ಕೂತಿರುತ್ತಿದ್ದರು. ಈಗ ಹಾಗಲ್ಲ, ಬೆರಳು ಅಲುಗಿದರೆ ಸಾಕು. ಕ್ಷೌರದಂಗಡಿ, ಚಹಾದಂಗಡಿ, ಬಸ್ ಸ್ಟ್ಯಾಂಡು, ಎಲ್ಲ ಕಡೆ ಪ್ರದರ್ಶನ ನಡೆಯಿತು. ಇದರಿಂದ ಗ್ಯಾಸಿನ ಒಲೆ ಸಣ್ಣ ಮಾಡಲು ಬರುತ್ತದೆಯೇ ಎಂದು ಚಹಾದಂಗಡಿಯವನು ಕೇಳಿದಾಗ ಹೇಮಪ್ಪ ಅವನ ಅಜ್ಞಾನಕ್ಕೆ ಮರುಗಿ, ಅರ್ಧ ಚಹಾ ಬಿಟ್ಟು ಎದ್ದು ಬಂದ.

ಪೆಟ್ಟಿಗೆಯ ಜೊತೆ ಒಂದು ಪುಸ್ತಕವೂ ಬಂದಿತ್ತು. ಅರ್ಧ ಚೀನೀ ಭಾಷೆಯಲ್ಲಿ, ಇನ್ನರ್ಧ ಇಂಗ್ಲಿಷಿನಲ್ಲಿ. ಹೇಮಪ್ಪ ಅದಕ್ಕೆ ಕುಂಕುಮ ಹಚ್ಚಿ ದೇವರ ಫೋಟೋದ ಪಕ್ಕ ಇಟ್ಟ. ಓದುವ ಪುಸ್ತಕಕ್ಕಿಂತ ಓದದ ಪುಸ್ತಕಕ್ಕೇ ನಮ್ಮಲ್ಲಿ ಹೆಚ್ಚು ಮರ್ಯಾದೆ ಸಲ್ಲುವುದರಿಂದ ಇದರಲ್ಲಿ ಅವನ ತಪ್ಪೇನೂ ಇಲ್ಲ. ಗಾಲಿ ತಿರುವುವುದೊಂದು ಬಂದರೆ ಉಳಿದದ್ದು ತಾನಾಗಿ ಬರುತ್ತದೆಂದು ಅವನು ನಂಬಿದ್ದ.

ಅದೇ ಹೊತ್ತಿಗೆ ಅವನ ಹೆಂಡತಿ ಮಮತಾಳ ತಂಗಿ ಅಮೃತಾಳ ಮದುವೆ ಗೊತ್ತಾಯಿತು. ಹೆಣ್ಣಿನವರು ಡೋಣಿ ಊರಿನವರು, ಗಂಡಿನವರು ಹರ್ತಿಯವರು, ಮದುವೆ ಮುಂಡರಗಿಯ ಒಂದು ಕಲ್ಯಾಣ ಮಂಟಪದಲ್ಲಿ. ಡೋಣಿಯ ಮಾವ ಉಡಚಪ್ಪನಿಗೆ ಹುಬ್ಬಳ್ಳಿಯಿಂದ ಫೋಟೋದವರ ದೊಡ್ಡ ಪಾರ್ಟಿ ಕರೆಸುವ ಮನಸ್ಸಿತ್ತು. ಮಮತಾ ತವರಿಗೆ ಹೋಗಿ ಅಪ್ಪನ ಮುಂದೆ ಕುಂತು, ಮನೆಯ ಅಳಿಯ ಫೋಟೋ ಹೊಡೆಯುವವನಿರುವಾಗ ಹೊರಗಿನವರನ್ನು ಕರೆಸಿದರೆ ತಾನು ಮದುವೆಗೇ ಬರುವುದಿಲ್ಲ ಎಂದಳು. ಉಡಚಪ್ಪ ಒಪ್ಪಿದ. ಒಪ್ಪಿದ ಎನ್ನುವುದಕ್ಕಿಂತ ಸೋತ ಎನ್ನುವುದೇ ಸರಿ.

ಮದುಮಗಳು ಅಮೃತಾ ಮಾತ್ರ ಹೇಮಪ್ಪನನ್ನು ಪಡಸಾಲೆಯ ಮೂಲೆಗೆ ಕರೆದು ಒಂದೇ ಮಾತು ಹೇಳಿದಳು.

"ಮಾಮಾ, ಬ್ಯಾರೆ ಫೋಟೋ ಹೆಂಗರ ಬರಲಿ. ತಾಳಿ ಕಟ್ಟೂದೊಂದು ಚಂದ ಬರಬೇಕು. ಅದೊಂದು ಸಾಕು ನನಗ."

ಹೇಮಪ್ಪ ಎದೆ ತಟ್ಟಿಕೊಂಡು ಮಾತು ಕೊಟ್ಟ. ಬಸ್ಸಿನಲ್ಲಿ ಬರುವಾಗ ಮಮತಾ ಆ ಮಾತಿಗೆ ತನ್ನದೂ ಒಂದು ಸೇರಿಸಿದಳು. ಅದೊಂದು ಫೋಟೋ ಕೆಟ್ಟರೆ ತಾನು ತವರಿನ ಹೊಸ್ತಿಲು ತುಳಿಯುವುದಿಲ್ಲ, ಅವನು ತನ್ನ ಮಾರಿ ನೋಡಬೇಕಾಗಿಲ್ಲ. ಹೇಮಪ್ಪ ನಕ್ಕು ಚೀಲದೊಳಗಿನ ಟ್ರಿಗರನ್ನು ಒಮ್ಮೆ ಸವರಿದ.

ಮದುವೆಯ ದಿನ ಬೆಳಿಗ್ಗೆ ಎಂಟಕ್ಕೇ ಅವನು ವೇದಿಕೆಯ ಎಡಕ್ಕೆ, ಹೆಣ್ಣಿನವರ ಕಡೆ, ತನ್ನ ಫ್ಲ್ಯಾಶು ನಿಲ್ಲಿಸಿದ. ಒಂಬತ್ತಕ್ಕೆ ಗಂಡಿನವರ ಬಸ್ಸು ಬಂತು. ಅದರಿಂದ ಮದುಮಗ ಇಳಿಯುವ ಮೊದಲು ಅವರ ಫೋಟೋಗ್ರಾಫರ್ ಇಳಿದ. ಈ ಕಡೆಯ ಮದುವೆಗಳಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಫೋಟೋದವರನ್ನು ತರುವುದು ರೂಢಿ. ಬೀಗರು ತೆಗೆದ ಫೋಟೋದಲ್ಲಿ ತಮ್ಮವರ ಮುಖ ಸರಿಯಾಗಿ ಬಂದೀತೆಂಬ ನಂಬಿಕೆ ಯಾರಿಗೂ ಇಲ್ಲ. ಬಂದವನು ಬೆಟಗೇರಿಯ ಜಾಹೀದ, ಸಣ್ಣಗೆ ಉದ್ದಕ್ಕಿದ್ದ ಮಿತಭಾಷಿ. ಅವನು ವೇದಿಕೆಯ ಬಲಕ್ಕೆ ಫ್ಲ್ಯಾಶು ನಿಲ್ಲಿಸಿ, ಚೀಲದಿಂದ ಒಂದು ಕರಿ ಪೆಟ್ಟಿಗೆ ತೆಗೆದು ಕ್ಯಾಮೆರಾದ ನೆತ್ತಿಗೆ ಏರಿಸಿದ. ಅದೂ ಟ್ರಿಗರು, ಅದೇ ಕಂಪನಿಯದು, ಅದೇ ಗಾಲಿ. ಹೇಮಪ್ಪನಿಗೆ ಊರಿನಲ್ಲಿ ತನ್ನದೇ ಬಣ್ಣದ ಅಂಗಿ ತೊಟ್ಟವನನ್ನು ಕಂಡಷ್ಟು ಬೇಸರವಾಯಿತು.

ಮೊದಲ ಪೆಟ್ಟು ಫಕ್ಕೀರವ್ವನಿಗೆ ಬಿತ್ತು. ಅವಳು ಉಡಚಪ್ಪನ ಅಕ್ಕ, ಎಂಬತ್ತರ ಮುದುಕಿ, ಹೇಮಪ್ಪನ ಫ್ಲ್ಯಾಶಿನ ಎದುರಿಗೇ ಕುರ್ಚಿ ಹಾಕಿಸಿಕೊಂಡು ಚಹಾಕ್ಕೆ ಬ್ರೆಡ್ಡು ಅದ್ದಿ ಬಾಯಿ ತೆರೆದಿದ್ದಳು. ಆಚೆ ಜಾಹೀದ ಗಂಡಿನವರ ಫೋಟೋ ಹೊಡೆದ. ಈಚೆ ಹೇಮಪ್ಪನ ಫ್ಲ್ಯಾಶು ಫಕ್ಕೀರವ್ವನ ಬಾಯೊಳಗೆ ಮಿಂಚಿತು. ಹೇಮಪ್ಪ ಆಗ ಕ್ಯಾಮೆರಾ ಮುಟ್ಟಿಯೂ ಇರಲಿಲ್ಲ, ಅವಲಕ್ಕಿ ತಿನ್ನುತ್ತಿದ್ದ. ಬಾಯಿ ತೆರೆದಾಗ ಫೋಟೋ ಹೊಡೆದನೆಂದು ಮುದುಕಿ ಬೈಯತೊಡಗಿದಳು. ತಾನು ಹೊಡೆದಿಲ್ಲ ಎಂದು ಅವನು, ಮತ್ತೆ ಯಾರು ಹೊಡೆದರು ಎಂದು ಅವಳು. ಹಲ್ಲಿಲ್ಲದ ಫೋಟೋ ಗೋಡೆಗೆ ಹಾಕಿಸುವ ಸಂಚಿದು ಎಂದು ಅವಳು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಸೆರಗು ಊಟದವರೆಗೆ ಇಳಿಯಲಿಲ್ಲ.

ಮುಂದೆ ಆದದ್ದು ಇದಕ್ಕಿಂತ ಗಂಭೀರ. ಗಂಡಿನ ಸೋದರಮಾವ ಅಂದಾನೆಪ್ಪ ಹರ್ತಿಯಲ್ಲಿ ಅವರ ಮನೆಗೇ ಹಿರಿಯ, ಹುರಿಮೀಸೆಯವ. ಅವನು ತನ್ನ ಕಡೆಯ ಇಪ್ಪತ್ತೆರಡು ಮಂದಿಯನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಸಿಕೊಂಡ. ಅದಕ್ಕೆ ಸ್ವಲ್ಪ ಮೊದಲು ಹೇಮಪ್ಪ ದೂರದಿಂದ ಮಂಟಪದ ಛಾವಣಿ ತೆಗೆಯಬೇಕೆಂದು ತನ್ನ ಗಾಲಿಯನ್ನು ತುದಿಗೆ ತಿರುವಿ ಗುಂಡಿ ಒತ್ತಿದ್ದ. ಜಾಹೀದನ ಕ್ಯಾಮೆರಾದಲ್ಲಿ ಇಪ್ಪತ್ತೆರಡು ಮಂದಿಯೂ ಬೂದಿ ಬಳಿದಂತೆ ಬೆಳ್ಳಗೆ ಬಂದರು. ಅಂದಾನೆಪ್ಪನ ಮೀಸೆ ಪೂರ್ತಿ ಮಾಯವಾಗಿತ್ತು. ಅವನು ಆ ಚಿತ್ರ ನೋಡಿ ಮೊದಲು ಮೂಗಿನ ಕೆಳಗೆ ಕೈಯಾಡಿಸಿ, ಮೀಸೆ ಇದೆ ಎಂದು ಖಾತ್ರಿ ಮಾಡಿಕೊಂಡ.

ಇತ್ತ ಜಾಹೀದ ಗಾಬರಿಯಿಂದ ತನ್ನ ಗಾಲಿಯನ್ನು ಕೆಳತುದಿಗೆ ಇಳಿಸಿ ಒಂದು ಪರೀಕ್ಷೆ ಮಾಡಿದ. ಮರುಕ್ಷಣವೇ ಹೇಮಪ್ಪ ಮಾವ ಉಡಚಪ್ಪನನ್ನು ಅವನ ಕುಲಬಾಂಧವರ ಜೊತೆ ನಿಲ್ಲಿಸಿ ಹೊಡೆದ. ಬಂದದ್ದು ಕತ್ತಲೆ. ಕತ್ತಲೆಯ ನಡುವೆ ಉಡಚಪ್ಪನ ತಲೆಯ ಪಟಗವೊಂದೇ ಬೆಳ್ಳಗೆ ತೇಲುತ್ತಿತ್ತು, ಅದರ ಕೆಳಗೆ ಯಾರಿದ್ದಾರೆಂದು ಹೇಳುವಂತಿರಲಿಲ್ಲ.

ಸುದ್ದಿ ಹರಡಲು ಎಷ್ಟು ಹೊತ್ತು. ನಮ್ಮ ಮಂದಿಯ ಮಾರಿ ಅಳಿಸಲಿಕ್ಕೆಂದೇ ಅಳಿಯನನ್ನು ಕರೆಸಿದ್ದಾರೆ ಎಂದು ಗಂಡಿನವರು. ನಮ್ಮ ಮನೆಗೆ ಕತ್ತಲು ಹಾಕಲು ಬೆಟಗೇರಿಯಿಂದ ಆಳು ತಂದಿದ್ದಾರೆ ಎಂದು ಹೆಣ್ಣಿನವರು. ಮಂಟಪದ ಮ್ಯಾನೇಜರು ಬಂದು, ವೋಲ್ಟೇಜಿನ ದೋಷವಿರಬಹುದೆಂದು ಅಡುಗೆಮನೆಯ ಮಿಕ್ಸರ್ ಬಂದ್ ಮಾಡಿಸಿದ. ಫ್ಲ್ಯಾಶುಗಳು ಓಡುತ್ತಿದ್ದದ್ದು ಬ್ಯಾಟರಿಯ ಮೇಲೆ. ಬಂದ್ ಆದ ಮಿಕ್ಸರಿನಿಂದಾಗಿ ಚಟ್ನಿ ಮಾತ್ರ ಅರ್ಧಕ್ಕೆ ನಿಂತಿತು.

ಕೊನೆಗೆ ಸತ್ಯ ಹೊರಬಿದ್ದದ್ದು ಕೈ ತೊಳೆಯುವ ನಳದ ಹತ್ತಿರ. ಅಲ್ಲಿ ಎದುರಾದ ಜಾಹೀದ ತನ್ನ ಟ್ರಿಗರನ್ನು ಹೇಮಪ್ಪನ ಟ್ರಿಗರಿನ ಪಕ್ಕ ಹಿಡಿದ. ಎರಡರ ಪುಟ್ಟ ಪರದೆಯ ಮೂಲೆಯಲ್ಲೂ ಒಂದು ಎಂಬ ಅಂಕಿ ಹೊಳೆಯುತ್ತಿತ್ತು.

"ಹೇಮಪ್ಪಣ್ಣ, ಇಬ್ಬರದೂ ಒಂದ ನಂಬರಿನ ಮ್ಯಾಲ ಅದಾವು. ನೀವು ಗಾಲಿ ತಿರುವಿದ್ರ ನನ್ನ ಲೈಟೂ ಕೇಳತೈತಿ, ನಾ ತಿರುವಿದ್ರ ನಿಮ್ಮದೂ ಕೇಳತೈತಿ. ಒಬ್ಬರು ಎರಡಕ್ಕ ಹೋದ್ರ ಮುಗೀತು."

ಇಷ್ಟೇ. ಒಂದು ಗುಂಡಿ ಟ್ರಿಗರಿನಲ್ಲಿ, ಒಂದು ಗುಂಡಿ ಫ್ಲ್ಯಾಶಿನಲ್ಲಿ. ಅರ್ಧ ನಿಮಿಷದ ಕೆಲಸ. ಹೇಮಪ್ಪ ಅಲ್ಲೇ ಅದನ್ನು ಮಾಡಿ ಮುಗಿಸಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಚಟ್ನಿಯೂ ಪೂರ್ತಿಯಾಗುತ್ತಿತ್ತು. ಆದರೆ ಬೆಳಗಿನಿಂದ ಎಲ್ಲರ ಬೈಗುಳ ತಿಂದವನಿಗೆ ತನ್ನ ತಪ್ಪಿಲ್ಲ ಎಂದು ಒಮ್ಮೆ ದೊಡ್ಡ ದನಿಯಲ್ಲಿ ಹೇಳುವ ಆಸೆ ಹುಟ್ಟಿತು. ಅವನು ನೇರ ಮಾವನ ಹತ್ತಿರ ಹೋಗಿ, ಹತ್ತು ಮಂದಿ ಕೇಳುವಂತೆ, ತಾನು ಎಂಟು ಗಂಟೆಗೇ ಬಂದು ಒಂದನೇ ನಂಬರಿನಲ್ಲಿ ನಿಂತಿದ್ದೆ, ಒಂಬತ್ತಕ್ಕೆ ಬಂದ ಗಂಡಿನವರು ಅದೇ ನಂಬರಿಗೆ ಹೊಕ್ಕಿದ್ದಾರೆ ಎಂದು ವರದಿ ಒಪ್ಪಿಸಿದ.

ಉಡಚಪ್ಪ ಪಟಗ ಸರಿಮಾಡಿಕೊಂಡು ಎದ್ದ. ಹಾಗಾದರೆ ಅವರೇ ಎರಡಕ್ಕೆ ಹೋಗಲಿ ಎಂದು ಹೇಳಿ ಕಳಿಸಿದ. ಅಂದಾನೆಪ್ಪನಿಂದ ಮರಳಿ ಉತ್ತರ ಬಂತು: ಗಂಡಿನವರು ಯಾವ ಊರಿನ ಮದುವೆಯಲ್ಲೂ ಎರಡನೆಯವರಾಗಿ ನಿಂತದ್ದಿಲ್ಲ. ಇದಕ್ಕೆ ಉಡಚಪ್ಪ, ಹೆಣ್ಣು ಕೊಡುತ್ತಿದ್ದೇವೆ, ನಂಬರು ಕೊಡುತ್ತಿಲ್ಲ ಎಂದ. ಅಂದಾನೆಪ್ಪ, ನಂಬರು ಬಿಡದವರು ನಾಳೆ ಹೆಣ್ಣನ್ನಾದರೂ ಕಳಿಸುತ್ತಾರೋ ಇಲ್ಲವೋ ಎಂದ. ನಂಬರು ಅಂದರೆ ಏನು, ಅದು ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಸ್ತುವಿನ ಮೇಲೆ ಬರುವಷ್ಟು ಹಟ ಗೊತ್ತಿರುವುದರ ಮೇಲೆ ಬರುವುದಿಲ್ಲ.

ವೇದಿಕೆಯ ಮುಂದೆ ಜಮಖಾನೆ ಹಾಸಿ ಹಿರಿಯರು ಕೂತರು. ಒಬ್ಬರು ಮೊದಲು ಬಂದವರಿಗೆ ಹಕ್ಕು ಎಂದರು. ಇನ್ನೊಬ್ಬರು ದೂರದಿಂದ ಬಂದವರಿಗೆ ಎಂದರು. ಡೋಣಿ ದೂರವೋ ಹರ್ತಿ ದೂರವೋ ಎಂಬುದರ ಮೇಲೆ ಕಾಲು ಗಂಟೆ ಹೋಯಿತು. ಧಾರವಾಡದಿಂದ ಗದಗ ಬೇರೆ ಜಿಲ್ಲೆಯಾದಾಗ ಆಗಲಿ, ಶಿರಹಟ್ಟಿಯಿಂದ ಲಕ್ಷ್ಮೇಶ್ವರ ಬೇರೆ ತಾಲೂಕಾದಾಗ ಆಗಲಿ ಇಷ್ಟು ಬಾಯಿಜಗಳ ಆಗಿರಲಿಲ್ಲ ಎಂದು ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಒಬ್ಬರು ತಮ್ಮ ಪಾಡಿಗೆ ಹೇಳಿಕೊಂಡರು. ಮುಹೂರ್ತ ಹನ್ನೆರಡೂ ನಲವತ್ತಕ್ಕೆ. ಗಡಿಯಾರ ಹನ್ನೆರಡು ದಾಟಿತ್ತು. ಒಳಕೋಣೆಯಲ್ಲಿ ಹೂವಿನ ದಂಡೆ ಕಟ್ಟಿಸಿಕೊಂಡು ಕೂತ ಅಮೃತಾ ಎರಡು ಸಲ ಬಾಗಿಲಿಗೆ ಬಂದು ಇಣುಕಿ ಹೋದಳು.

ಆಗ ಸೋಮೇಶಪ್ಪನವರು ಎದ್ದರು. ಅವರು ಎರಡೂ ಕಡೆಗೆ ಬೇಕಾದವರು, ತಾಲೂಕು ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೂವತ್ತು ವರ್ಷ ಹೊಲದ ಬದುವಿನ ತಂಟೆ ಬಗೆಹರಿಸಿದ ಅನುಭವ. ಬಗೆಹರಿದ ತಂಟೆಗಳಲ್ಲಿ ಅರ್ಧ ಈಗಲೂ ಕೋರ್ಟಿನಲ್ಲಿವೆ ಎಂಬುದು ಬೇರೆ ಮಾತು. ಅವರು ಕನ್ನಡಕ ಏರಿಸಿ, ಎರಡೂ ಟ್ರಿಗರುಗಳನ್ನು ತರಿಸಿ, ಅಂಕಿಯನ್ನು ಖುದ್ದಾಗಿ ಪರಿಶೀಲಿಸಿ ತೀರ್ಪು ಕೊಟ್ಟರು.

"ಒಂದನೇ ನಂಬರು ಯಾರಿಗೂ ಬ್ಯಾಡ. ಇಬ್ಬರೂ ಎರಡಕ್ಕ ಹೋಗ್ರಿ. ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ. ಎಲ್ಲಾರ ಮರ್ಯಾದಿನೂ ಉಳೀತು."

ಮಂಟಪದಲ್ಲಿ ಚಪ್ಪಾಳೆ ಬಿದ್ದವು. ಉಡಚಪ್ಪ ಅಂದಾನೆಪ್ಪನನ್ನು ತಬ್ಬಿಕೊಂಡ. ಇಬ್ಬರ ಕಣ್ಣಲ್ಲೂ ನೀರು. ಹೇಮಪ್ಪ ಏನೋ ಹೇಳಲು ಬಾಯಿ ತೆರೆದ, ಜಾಹೀದ ಅವನ ತೋಳು ಹಿಡಿದು ತಡೆದ. ಹಿರಿಯರ ಎದುರಿಗೇ ಇಬ್ಬರ ಪೆಟ್ಟಿಗೆಗಳೂ ಎರಡೂ ಫ್ಲ್ಯಾಶುಗಳೂ ಎರಡನೇ ನಂಬರಿಗೆ ಹೋದವು. ಸೋಮೇಶಪ್ಪನವರಿಗೆ ಶಾಲು ಹೊದಿಸಿದಾಗ ಜಾಹೀದ ಒಂದು ಫೋಟೋ ಹೊಡೆದ. ಎಡದ ಫ್ಲ್ಯಾಶೂ ಬಲದ ಫ್ಲ್ಯಾಶೂ ಒಟ್ಟಿಗೇ ಅವರ ಮುಖಕ್ಕೆ ಬಡಿದವು. ಎರಡೂ ಕಡೆಯವರು ತಮಗೆ ಒಟ್ಟಿಗೆ ಗೌರವ ಮಾಡಿದರೆಂದು ಅವರು ಎರಡು ಸಲ ಕೈ ಮುಗಿದರು.

ಇಬ್ಬರೂ ಮತ್ತೆ ಒಂದೇ ನಂಬರಿನಲ್ಲಿದ್ದರು. ತಾಳಿಗೆ ಇನ್ನು ಹದಿನೈದು ನಿಮಿಷ. ಮಂಟಪದೊಳಗೆ ಮಬ್ಬು, ಫ್ಲ್ಯಾಶಿಲ್ಲದೆ ಏನೂ ಬರುವುದಿಲ್ಲ. ಮಮತಾ ಹೆಂಗಸರ ಸಾಲಿನಿಂದ ಹೇಮಪ್ಪನನ್ನೇ ನೋಡುತ್ತಿದ್ದಳು, ಆ ನೋಟ ತಮಾಷೆಯದಾಗಿರಲಿಲ್ಲ. ಆಗ ಅವನ ತಲೆಗೆ ಜೀವಮಾನದಲ್ಲೇ ಮೊದಲ ಸಲ ಒಂದು ಸರಿಯಾದ ವಿಚಾರ ಹೊಳೆಯಿತು. ಅಂಕಿ ಇರುವುದು ಜೋಳದ ಕಾಳಿನಷ್ಟು ಸಣ್ಣ, ಅದನ್ನು ನೋಡಿ ಬರುವವರು ಯಾರು? ಡೋಣಿಯ ಮರ್ಯಾದೆ ಎರಡರಲ್ಲಿದ್ದರೆ ಇರಲಿ, ತಾನು ಗುಟ್ಟಾಗಿ ಮೂರಕ್ಕೆ ಹೋದರಾಯಿತು.

ಅವನು ಫ್ಲ್ಯಾಶಿನ ಧೂಳು ಒರೆಸುವ ನೆಪದಲ್ಲಿ ಟವಲು ಹಿಡಿದು ವೇದಿಕೆಯ ಎಡಕ್ಕೆ ಹೋಗಿ, ಟವಲಿನ ಮರೆಯಲ್ಲಿ ಗುಂಡಿ ಒತ್ತಿ ಫ್ಲ್ಯಾಶನ್ನೂ ಟ್ರಿಗರನ್ನೂ ಮೂರಕ್ಕೆ ತಂದ. ಆ ಹೊತ್ತಿಗೆ ಜಾಹೀದನೂ ಬಲಗಡೆ ತನ್ನ ಫ್ಲ್ಯಾಶನ್ನು ಕರ್ಚೀಫಿನಿಂದ ಒರೆಸುತ್ತಿದ್ದ. ಎಷ್ಟು ಸ್ವಚ್ಛತೆಯ ಮನುಷ್ಯ ಎಂದು ಹೇಮಪ್ಪನಿಗೆ ಅವನ ಮೇಲೆ ಪ್ರೀತಿ ಬಂತು.

ವಾದ್ಯ ಜೋರಾಯಿತು. ಮದುಮಗ ತಾಳಿ ಎತ್ತಿದ. ಅಕ್ಕಿಕಾಳು ಹಿಡಿದ ಮುನ್ನೂರು ಕೈಗಳು ಮೇಲೆದ್ದವು. ಹೇಮಪ್ಪ ಉಸಿರು ಹಿಡಿದು ಗಾಲಿಯನ್ನು ತುದಿಗೆ ತಿರುವಿದ. ಅವನ ಬೆರಳು ಗುಂಡಿಗೆ ಇಳಿಯುವ ಕಣ್ಣರೆಪ್ಪೆಯಷ್ಟು ಮೊದಲು ಎರಡೂ ಕಡೆಯ ಫ್ಲ್ಯಾಶುಗಳು ಒಟ್ಟಿಗೇ ಭಗ್ಗೆಂದವು. ಹೇಮಪ್ಪ ಒತ್ತಿದಾಗ ಕತ್ತಲೆ. ಮತ್ತೊಮ್ಮೆ ಒತ್ತಿದ, ಕತ್ತಲೆ. ಪೂರ್ತಿ ಬಲದಿಂದ ಹೊಡೆದ ಫ್ಲ್ಯಾಶು ಮತ್ತೆ ತುಂಬಿಕೊಳ್ಳಲು ನಾಲ್ಕೈದು ಎಣಿಸುವಷ್ಟು ಹೊತ್ತು ಬೇಕು. ಅದು ತುಂಬುವಷ್ಟರಲ್ಲಿ ಗಂಟು ಬಿದ್ದಿತ್ತು, ಅಕ್ಕಿಕಾಳು ಬಿದ್ದಿದ್ದವು, ಅಮೃತಾಳ ಸುತ್ತ ಮಂದಿ ಮುಗಿಬಿದ್ದಿದ್ದರು.

ಹೇಮಪ್ಪ ನಿಧಾನಕ್ಕೆ ವೇದಿಕೆ ದಾಟಿ ಜಾಹೀದನ ಹತ್ತಿರ ಹೋಗಿ ಅವನ ಪೆಟ್ಟಿಗೆಯ ಮೂಲೆ ನೋಡಿದ. ಮೂರು. ಜಾಹೀದ ಇವನದನ್ನು ನೋಡಿದ. ಮೂರು. ಆ ಪೆಟ್ಟಿಗೆಯಲ್ಲಿ ಮೂವತ್ತೆರಡು ನಂಬರುಗಳಿದ್ದವು. ಆದರೆ ಎರಡಾದ ಮೇಲೆ ಮೂರು ಎಂದೇ ಇಬ್ಬರಿಗೂ ಶಾಲೆಯಲ್ಲಿ ಕಲಿಸಿದ್ದರು. ಜಾಹೀದನ ಫೋಟೋ ಹಾಲು ಚೆಲ್ಲಿದಷ್ಟು ಬೆಳ್ಳಗೆ, ಹೇಮಪ್ಪನದು ಹೆಂಚಿನ ತಳದಷ್ಟು ಕರ್ರಗೆ. ತಾಳಿ ಎರಡರಲ್ಲೂ ಇರಲಿಲ್ಲ.

ಕಟ್ಟುವ ಹಾಗೆ ಇನ್ನೊಮ್ಮೆ ದಾರ ಹಿಡಿದು ನಿಲ್ಲಲು ಮದುಮಗ ಸಿದ್ಧನಿದ್ದ. ಆಗ ಉಡಚಪ್ಪ ಮತ್ತು ಅಂದಾನೆಪ್ಪ ಅಂದು ಮೊದಲ ಸಲ ಒಂದೇ ದನಿಯಲ್ಲಿ ಮಾತಾಡಿದರು: ಕಟ್ಟಿದ ತಾಳಿಗೆ ಮತ್ತೆ ಕೈ ಹಚ್ಚುವುದು ಆಗುವುದಿಲ್ಲ. ಅಮೃತಾ ತಲೆ ತಗ್ಗಿಸಿದಳು. ಹೇಮಪ್ಪನಿಗೆ ಅದನ್ನು ನೋಡಲಾಗಲಿಲ್ಲ. ತಪ್ಪು ತನ್ನದು, ತಾನು ಗುಟ್ಟಾಗಿ ಮೂರಕ್ಕೆ ಹೋಗಿದ್ದೆ ಎಂದು ಎಲ್ಲರೆದುರು ಒಪ್ಪಿಕೊಂಡ. ಫೋಟೋ ಹೋಯಿತೆಂದು ಯಾರೂ ಅವನನ್ನು ಬೈಯಲಿಲ್ಲ. ಉಡಚಪ್ಪ ಕೇಳಿದ್ದು ಬೇರೆ.

"ಯಾರನ್ನ ಕೇಳಿ ನಮ್ಮನ್ನ ಮೂರಕ್ಕ ಇಳಿಸಿದ್ರಿ ಅಳಿಯಂದ್ರ?"

ಅಂದಾನೆಪ್ಪ ಮೀಸೆ ತಿರುವಿ, ತಮ್ಮ ಕಡೆಯ ಜಾಹೀದ ಎರಡು ಬಿಟ್ಟು ಕದಲಿಲ್ಲ ನೋಡಿ ಎಂದ. ಜಾಹೀದ ಪರದೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ನೆಲ ನೋಡುತ್ತಿದ್ದ.

ಲಕ್ಷ್ಮೇಶ್ವರಕ್ಕೆ ಮರಳುವ ಬಸ್ಸಿನಲ್ಲಿ ಮಮತಾ ಕಿಟಕಿ ಕಡೆ ಮುಖ ಮಾಡಿ ಕೂತಳು. ಹೇಮಪ್ಪ ಉಪಾಯಗಾಣದೆ, ಜಾಹೀದನೂ ಮೂರಕ್ಕೇ ಬಂದಿದ್ದ ಎಂದು ಹೇಳಿಬಿಟ್ಟ. ಮಮತಾ ಗರಕ್ಕನೆ ತಿರುಗಿದಳು. ಅಲ್ಲೇ ಫೋನ್ ತೆಗೆದು, ಅವರೂ ಮೂರಕ್ಕೆ ಇಳಿದಿದ್ದಾರಂತೆ ಎಂದು ಡೋಣಿಗೆ ಖಬರ ಮುಟ್ಟಿಸಿದಳು. ಫೋನಿನ ಆ ತುದಿಯಲ್ಲಿ ಎದ್ದ ಸಂಭ್ರಮ ಕಂಡಕ್ಟರನಿಗೂ ಕೇಳಿಸಿತು. ಮನೆ ಮುಟ್ಟುವ ಹೊತ್ತಿಗೆ ಮಮತಾ ಗಂಡನ ಮಾರಿ ನೋಡಿ ಚಹಾ ಮಾಡಿಕೊಟ್ಟಳು. ತಾಳಿಯ ಫೋಟೋದ ಮಾತು ಡೋಣಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಮತ್ತೆ ಬರಲಿಲ್ಲ.

ಮೂರನೇ ದಿನ ಹರ್ತಿಯಿಂದ ಅಮೃತಾಳ ಫೋನ್ ಬಂತು. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ.

"ಮಾಮಾ, ನಾ ಫೋಟೋ ಒಂದು ಕೇಳಿದ್ದೆ. ನಂಬರ ಯಾರ ಕೇಳಿದ್ರು?"

ಹೇಮಪ್ಪ ಮರುದಿನ ಮುಂಜಾನೆ ಬೆಟಗೇರಿಗೆ ಹೋಗಿ ಜಾಹೀದನನ್ನು ಎಬ್ಬಿಸಿದ. ಜಾಹೀದ ಕ್ಯಾಮೆರಾ ಹೆಗಲಿಗೆ ಹಾಕಿ ಬಂದ. ಟ್ರಿಗರುಗಳನ್ನು ಇಬ್ಬರೂ ಮನೆಯಲ್ಲೇ ಬಿಟ್ಟರು. ಹರ್ತಿಯಲ್ಲಿ ಅಂದಾನೆಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ, ಹಿತ್ತಲಲ್ಲಿ ಎಳೆಬಿಸಿಲು ಬೀಳುವ ಕಡೆ ಗಂಡಹೆಂಡಿರನ್ನು ನಿಲ್ಲಿಸಿದರು. ಮದುಮಗ ತಾಳಿಯ ದಾರ ಬಿಚ್ಚದೆ, ಕಟ್ಟುವ ಹಾಗೆ ಹಿಡಿದ. ಅಮೃತಾ ಕಣ್ಣು ತಗ್ಗಿಸಿ ನಕ್ಕಳು. ಇಬ್ಬರೂ ಹೊಡೆದರು. ಫೋಟೋ ಅಷ್ಟು ಚಂದ ಬಂದಿತ್ತೆಂದರೆ ಅಮೃತಾ ಅದನ್ನು ನೋಡಿ, ನೋಡಿದವಳೇ ಅತ್ತುಬಿಟ್ಟಳು. ಹೇಮಪ್ಪನಿಗೂ ಕಣ್ಣು ಮಂಜಾಯಿತು, ಇಂಥ ಬೆಳಕು ದಿನಾ ಪುಕ್ಕಟೆ ಬೀಳುತ್ತಿತ್ತಲ್ಲ ಎಂದು ನಾಚಿಕೆಯೂ ಆಯಿತು.

ಅಷ್ಟರಲ್ಲಿ ಮರೆತ ಕುಡುಗೋಲು ಒಯ್ಯಲೆಂದು ಮರಳಿ ಬಂದ ಅಂದಾನೆಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಅವನು ಬೈಯಲಿಲ್ಲ. ಹತ್ತಿರ ಬಂದು ಎರಡೂ ಕ್ಯಾಮೆರಾದೊಳಗಿನ ಫೋಟೋಗಳನ್ನು ಬಗ್ಗಿ ನೋಡಿದ, ತಲೆದೂಗಿದ, ಚಂದ ಐತಿ ಎಂದ. ಆಮೇಲೆ ಮೆಲ್ಲಗೆ ಕೇಳಿದ.

"ಮೊದಲ ಯಾರ ಹೊಡದ್ರು?"

ಹೇಮಪ್ಪ ಜಾಹೀದನ ಕಡೆ ಬೆರಳು ಮಾಡಿದ. ಜಾಹೀದ ಹೇಮಪ್ಪನ ಕಡೆ ಮಾಡಿದ. ಅಂದಾನೆಪ್ಪ, ಇದು ನಾವೇ ತೀರಿಸುವ ವಿಷಯ ಅಲ್ಲ ಎಂದು ಕುಡುಗೋಲು ಗೋಡೆಗೆ ಒರಗಿಸಿ, ಡೋಣಿಯ ಬೀಗರಿಗೂ ಸೋಮೇಶಪ್ಪನವರಿಗೂ ಫೋನ್ ಹಚ್ಚಿದ. ಅಮೃತಾ ಕಣ್ಣೊರೆಸಿಕೊಂಡು ಒಳಗೆ ಹೋದಳು. ಎಷ್ಟು ಮಂದಿ ಬರುತ್ತಾರೋ ಏನೋ ಎಂದು ದೊಡ್ಡ ಪಾತ್ರೆಯಲ್ಲೇ ಚಹಾಕ್ಕೆ ನೀರಿಟ್ಟಳು.